ಘಟಪ್ರಭೆಯ ಮೀನಿನ ಲಿವರ್‌ನಲ್ಲಿ ಜೀನ್ ಚಟುವಟಿಕೆ ಅಳೆಯುವ ಬಗೆ

ಮುಧೋಳದ ಕೆಳಗೆ ಘಟಪ್ರಭೆಯಲ್ಲಾಗಲಿ, ಆಲಮಟ್ಟಿ ಹಿನ್ನೀರಿನಲ್ಲಾಗಲಿ ಮಾಲಿನ್ಯದ ಪರಿಣಾಮ ನೋಡಲು ನಾವು ಹಿಡಿಯುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಗಂಡು-ಹೆಣ್ಣು ಗುರುತಿಸುವುದು ಸುಲಭ: ಹೊಟ್ಟೆಯಡಿ ಗಂಡಿಗೆ ಎರಡು ರಂಧ್ರ, ಹೆಣ್ಣಿಗೆ ಮೂರು. ನಮಗೆ ಬೇಕಾದದ್ದು ಗಂಡು. ವಿಟೆಲ್ಲೋಜೆನಿನ್ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು, ಹೆಣ್ಣಿನ ಲಿವರ್‌ನಲ್ಲಿ ಅದರ ಜೀನ್ ಸಹಜವಾಗಿಯೇ ಜೋರಾಗಿರುತ್ತದೆ. ಗಂಡಿನಲ್ಲೂ ಅದು ಏರಿದ್ದರೆ ನೀರಿನಲ್ಲಿ ಈಸ್ಟ್ರೋಜನ್‌ನಂತೆ ವರ್ತಿಸುವ ರಾಸಾಯನಿಕ ಇದೆಯೆಂದು ಶಂಕಿಸಬೇಕು. ಹೋಲಿಕೆಗೆಂದು ಸಾಕಣೆ ಹೊಂಡದ ಮೀನು ತರಬಾರದು. ಎಲ್ಲವನ್ನೂ ಗಂಡಾಗಿಸಲು ಅಲ್ಲಿ ಮರಿಗಳಿಗೆ ಮೀಥೈಲ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ತಿನ್ನಿಸುವ ರೂಢಿಯಿದೆ.

ಇನ್ನೆರಡು ಜೀನ್‌ಗಳನ್ನೂ ಜೊತೆಗೇ ಅಳೆಯುತ್ತೇವೆ. ಕ್ಯಾಡ್ಮಿಯಂ, ಸತುವಿನಂಥ ಲೋಹಗಳಿಗೆ ಮೆಟಲೋಥಯೋನಿನ್ ಎಂಬ, ಲೋಹ ಹಿಡಿದಿಡುವ ಪ್ರೋಟೀನಿನ ಜೀನ್ ಏರುತ್ತದೆ. ಎಣ್ಣೆ, ಹೊಗೆಯ ಮಸಿಯಲ್ಲಿರುವ ಪಿಎಎಚ್ ಎಂಬ ವಿಷಕಾರಿ ಇಂಗಾಲ ಸಂಯುಕ್ತಗಳಿಗೆ ಏರುವುದು ಸಿವೈಪಿ1ಎ, ಅಂದರೆ ಅವನ್ನು ಒಡೆಯುವ ಕಿಣ್ವದ ಜೀನ್. ಈ ಎರಡನೆಯದನ್ನು ಓದುವಾಗ ಎಚ್ಚರ ಬೇಕು. ಪಿಎಎಚ್ ಜೀವಕೋಶದೊಳಗಿನ ಎಎಚ್‌ಆರ್ ಎಂಬ ಗ್ರಾಹಕಕ್ಕೆ ಅಂಟುತ್ತದೆ. ಆ ಗ್ರಾಹಕ ನ್ಯೂಕ್ಲಿಯಸ್‌ಗೆ ಹೋಗಿ ಆರ್ನ್ಟ್ ಎಂಬ ಪ್ರೋಟೀನಿನೊಂದಿಗೆ ಜೋಡಿಯಾದ ಮೇಲೆಯೇ ಜೀನ್ ಚುರುಕಾಗುವುದು. ಆಮ್ಲಜನಕ ಕಡಿಮೆಯಾದಾಗ ಎದ್ದೇಳುವ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನಿಗೂ ಇದೇ ಆರ್ನ್ಟ್ ಜೋಡಿ, ಹಾಗಾಗಿ ಎರಡರ ನಡುವೆ ಪೈಪೋಟಿ ಬೀಳಬಹುದು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳು ಬಹಳ. ಸಾವಯವ ಕಸ ತುಂಬಿದ ನೀರು ಹೊಳೆ ಸೇರಿದರೆ ಕರಗಿದ ಆಮ್ಲಜನಕ ಕುಸಿಯುತ್ತದೆ, ಆಗ ಸಿವೈಪಿ1ಎ ಇರಬೇಕಾದಷ್ಟು ಏರದೇ ಹೋಗಬಹುದು. ಆದ್ದರಿಂದ ಸಿವೈಪಿ1ಎ ಕಡಿಮೆ ಬಂತೆಂದು ನೀರು ಶುದ್ಧವೆಂದು ಬರೆದುಕೊಡುವುದು ತಪ್ಪು. ಮೀನು ಹಿಡಿದ ಜಾಗದಲ್ಲೇ, ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ಅಳೆಯಬೇಕು. ದಿನದಲ್ಲಿ ಅದು ತೀರಾ ಕೆಳಗಿರುವ ಹೊತ್ತು ಅದೇ. ಮಧ್ಯಾಹ್ನದ ಅಳತೆ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಸುಳ್ಳು ನೆಮ್ಮದಿ ಕೊಡುತ್ತದೆ. ನೀರಿನ ತಾಪಮಾನವನ್ನೂ ಬರೆದಿಡಬೇಕು.

ಮೀನನ್ನು ಬಲೆಯಲ್ಲಿ ಬಹಳ ಹೊತ್ತು ಒದ್ದಾಡಲು ಬಿಡಬಾರದು, ಒತ್ತಡದ ಹಾರ್ಮೋನು ಕಾರ್ಟಿಸೋಲ್ ಕೂಡ ಜೀನ್‌ಗಳನ್ನು ಕದಲಿಸುತ್ತದೆ. ಸೋಡಾ ಬೈಕಾರ್ಬನೇಟ್ ಬೆರೆಸಿದ ಎಂಎಸ್-222 ಎಂಬ ಅರಿವಳಿಕೆ ದ್ರಾವಣದಲ್ಲಿ ಪ್ರಜ್ಞೆ ತಪ್ಪಿಸಿ ಕೊಂದ ಕೂಡಲೇ ಹೊಟ್ಟೆ ಸೀಳುತ್ತೇವೆ. ಇದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಹಸಿರು ಪಿತ್ತಕೋಶ ಒಡೆಯದಂತೆ ಕತ್ತರಿ ಆಡಿಸಬೇಕು. ಪಿತ್ತ ಹರಡಿದ ಲಿವರ್ ನಂಬಿಕೆಗೆ ಅರ್ಹವಲ್ಲ, ಬಿಟ್ಟುಬಿಡಿ. ತಿಲಾಪಿಯಾದಲ್ಲಿ ಮೇದೋಜೀರಕ ಗ್ರಂಥಿಯ ಅಂಗಾಂಶ ಲಿವರ್‌ನೊಳಗೇ ಹರಡಿಕೊಂಡಿರುತ್ತದೆ; ಜೀನ್ ಎಷ್ಟು ಚುರುಕೆಂದು ತೋರುವ ಆರ್‌ಎನ್‌ಎಯನ್ನು ಅದರ ಕಿಣ್ವಗಳು ಕತ್ತರಿಸುತ್ತವೆ, ತಡಮಾಡಿದಷ್ಟೂ ನಷ್ಟ. ತೊಗರಿ ಬೇಳೆಯಷ್ಟು ತುಣುಕು ಮಾಡಿ ಐದರಿಂದ ಹತ್ತು ಪಟ್ಟು ಆರ್‌ಎನ್‌ಎ ಲೇಟರ್ ಎಂಬ, ಆರ್‌ಎನ್‌ಎ ಕೆಡದಂತೆ ಕಾಯುವ ದ್ರವದಲ್ಲಿ ಮುಳುಗಿಸಬೇಕು. ತುಣುಕು ದೊಡ್ಡದಾದರೆ ದ್ರವ ಒಳಗಿಳಿಯುವುದಿಲ್ಲ. 37 ಡಿಗ್ರಿಯಲ್ಲಿ ಅದರ ರಕ್ಷಣೆ ಒಂದು ದಿನ ಮಾತ್ರ, ಬಾಗಲಕೋಟೆಯ ಏಪ್ರಿಲ್ ಬಿಸಿಲು ಅದನ್ನೂ ಮೀರುತ್ತದೆ. ಹಾಗಾಗಿ ಐಸ್ ಪೆಟ್ಟಿಗೆ ಬೇಕೇ ಬೇಕು. ಲ್ಯಾಬಿಗೆ ಬಂದ ಮೇಲೆ ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು ಆಮೇಲೆ ಮೈನಸ್ 80.

ಆರ್‌ಎನ್‌ಎ ಬೇರ್ಪಡಿಸುವ ಟ್ರೈಜಾಲ್ ದ್ರವ 1 ಮಿ.ಲೀ.ಗೆ 50 ಮಿ.ಗ್ರಾಂ. ಲಿವರ್ ಸಾಕು, ಕ್ಲೋರೋಫಾರ್ಮ್ 0.2 ಮಿ.ಲೀ., ನಂತರ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ ಬಲದಲ್ಲಿ 15 ನಿಮಿಷ, 4 ಡಿಗ್ರಿ. ಆರ್‌ಎನ್‌ಎ ಇರುವ ಮೇಲಿನ ನೀರಿನ ಪದರ ತೆಗೆಯುವಾಗ ನಡುವಿನ ಬಿಳಿ ಪದರ ಮುಟ್ಟಬಾರದು. ಐಸೊಪ್ರೊಪನಾಲ್ 0.5 ಮಿ.ಲೀ. ಹಾಕಿ ಆರ್‌ಎನ್‌ಎ ಇಳಿಸಿ, 75% ಎಥನಾಲ್‌ನಲ್ಲಿ ತೊಳೆಯಬೇಕು. ಶುದ್ಧತೆ ನೋಡಲು ಬೆಳಕು ಹೀರಿಕೆ ಅಳೆದಾಗ 260/280 (ನ್ಯಾನೊಮೀಟರ್) ಅನುಪಾತ 2ರ ಹತ್ತಿರವಿದ್ದೂ 260/230 ತೀರಾ ಕಡಿಮೆಯಾದರೆ ಟ್ರೈಜಾಲ್‌ನ ಗ್ವಾನಿಡಿನ್ ಲವಣ ಉಳಿದಿದೆ, ಮತ್ತೆ ತೊಳೆಯಿರಿ.

ಉಳಿದ ಡಿಎನ್‌ಎ ಒಡೆಯುವ ಡಿಎನ್‌ಏಸ್ ಕಿಣ್ವ ಹಾಕಿ, 1 ಮೈಕ್ರೋಗ್ರಾಂ ಆರ್‌ಎನ್‌ಎಯಿಂದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ಮೂಲಕ ಸಿಡಿಎನ್‌ಎ, ಅಂದರೆ ಅದರ ಡಿಎನ್‌ಎ ಪ್ರತಿ, ಮಾಡಿ ಆ ಪ್ರತಿಗಳನ್ನು ಹೆಚ್ಚಿಸುತ್ತಾ ಅಳೆಯುವ ಕ್ಯೂಪಿಸಿಆರ್‌ಗೆ ಇಡುತ್ತೇವೆ. ಹೋಲಿಕೆಗೆ, ಏರಿಳಿಯದ ಜೀನ್ ಎಂದು, ಬೀಟಾ-ಆಕ್ಟಿನ್ ಒಂದನ್ನೇ ನೆಚ್ಚಬಾರದು. ಮಾಲಿನ್ಯ ಅದನ್ನೂ ಅಲುಗಾಡಿಸಬಹುದು. ಇಎಫ್1ಆಲ್ಫಾ ಸೇರಿ ಅಂಥ ಜೀನ್ ಕನಿಷ್ಠ ಎರಡು ಬೇಕು. ಆಯಾ ಜೀನನ್ನು ಹಿಡಿಯುವ ಡಿಎನ್‌ಎ ತುಣುಕುಗಳ, ಅಂದರೆ ಪ್ರೈಮರ್‌ಗಳ, ದಕ್ಷತೆ 90ರಿಂದ 110 ಪ್ರತಿಶತದೊಳಗೆ ಬರದಿದ್ದರೆ ಜೀನ್ ಎಷ್ಟು ಪಟ್ಟು ಏರಿದೆಯೆಂದು ಹೇಳುವ ಡೆಲ್ಟಾ-ಡೆಲ್ಟಾ ಸಿಟಿ ಲೆಕ್ಕ ಹಾಕಬಾರದು. ಪ್ರತಿ ಮಾದರಿಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಇಡಿ. ಅದರಲ್ಲೂ ಕ್ಯೂಪಿಸಿಆರ್ ಗೆರೆ ಬೇಗ ಏರಿದರೆ ನೀವು ಅಳೆಯುತ್ತಿರುವುದರಲ್ಲಿ ಉಳಿದ ಡಿಎನ್‌ಎಯೂ ಸೇರಿದೆ, ಡಿಎನ್‌ಏಸ್ ಹಂತಕ್ಕೆ ಹಿಂತಿರುಗಿ.