ಜಡ್ಡು ಬಂದು ಮನ್ಯಾಗ ಕುಂದ್ರೂ ಪಾಳಿ ಬಂದ್ರ ಏನೇನ್ ತಯಾರಿ ಇರಬೇಕು

ಲಿಸ್ಟ್ ಬರಿಯೂಮುಂದ ಎಲ್ಲಾರೂ ಮೊದಲ ಸ್ಯಾನಿಟೈಸರ್, ಮಾಸ್ಕ್ ಅಂತ ಬರೀತಾರ, ಅವೂ ಬೇಕ್ರಿ ಇಲ್ಲ ಅನ್ನಂಗಿಲ್ಲ, ಆದ್ರ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಮೊದಲ ನೋಡಬೇಕಾಗಿದ್ದು ನೀರು. ಮನಿಮಂದಿ ಎಲ್ಲಾ ದಿನಾಪೂರ್ತಿ ಒಳಗ ಇದ್ರ, ಮ್ಯಾಲೆ ಗಳಿಗ್ಗೊಮ್ಮೆ ಕೈ ತೊಳಕೊಂಡ್ರ, ಮುಂದಿನ ಸರ್ತಿ ನಳ ಬರೂತನಕ ತುಂಬಿಟ್ಟಿದ್ದು ಸಾಲಂಗಿಲ್ಲ. ಒಂದ್ ಬ್ಯಾರಲ್ ಜಾಸ್ತಿ ಇಟ್ಕೋರಿ. ಆದ್ರ ಮುಚ್ಚಳ ಗಟ್ಟಿ ಇರಬೇಕು, ಇಲ್ಲಂದ್ರ ಅರಿವಿ ಕಟ್ರಿ, ಯಾಕಂದ್ರ ಡೆಂಗಿ ಸೊಳ್ಳಿ ತತ್ತಿ ಇಡೂದು ಇಂಥಾ ನಿಂತ ನೀರಿನ್ಯಾಗನ, ಒಂದ್ ಜಡ್ಡಿಗೆ ಅಂಜಿ ಒಳಗ ಕುಂತು ಇನ್ನೊಂದನ್ನ ಮನ್ಯಾಗ ಸಾಕಿದಂಗ ಆಗಬಾರ್ದು ನೋಡ್ರಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಿನ ಗ್ವಾಡಿ ತಿಕ್ಕಿ ತೊಳೀರಿ. ಬರೇ ನೀರು ಚೆಲ್ಲಿದ್ರ ನಡಿಯಂಗಿಲ್ಲ, ತತ್ತಿ ಅಂಚಿಗೆ ಅಂಟಿರ್ತಾವು.

ರೇಷನ್ ಎರಡು ವಾರದ್ದು ಸಾಕು. 2020ರ ಮಾರ್ಚ್ 25ರಿಂದ 21 ದಿನ ಲಾಕ್‌ಡೌನ್ ಅಂದಾಗೂ ಕಿರಾಣಿ, ಹಾಲು, ಔಷಧ ಬಂದ್ ಮಾಡಿದ್ದಿಲ್ಲ, ಮೂರು ತಿಂಗಳದ್ದು ತುಂಬಿಟ್ರ ನುಸಿ ಹಿಡಿಯೂದು ಅಷ್ಟ. ಜ್ವಾಳ ಚೀಲದಾಗ ಐತಿ ಅಂತ ಸುಮ್ನ ಕುಂದರಬ್ಯಾಡ್ರಿ, ಗಿರಣಿ ಬಂದ್ ಆದ್ರ ಏನ್ ಮಾಡ್ತೀರಿ? ಹಂಗಂತ ಭಾಳ ಬೀಸಿಟ್ರೂ ತಪ್ಪು, ಹಿಟ್ಟು ಹಳೇದಾದ್ರ ಜಿಗಿ ಹೋಗಿ ರೊಟ್ಟಿ ಬಡಿಯೂಮುಂದ ಅಂಚು ಸೀಳತಾವು, ಆಮ್ಯಾಲೆ ಕಹಿನೂ ಆಗತೈತಿ. ಅದಕ್ಕ ಅರ್ಧ ಹಿಟ್ಟಿಂದು ಖಡಕ್ ರೊಟ್ಟಿ ಮಾಡಿ, ಪೂರ್ತಿ ಆರಿದ ಮ್ಯಾಲೆ ಅರಿವ್ಯಾಗ ಸುತ್ತಿ ಡಬ್ಬ್ಯಾಗ ಇಡ್ರಿ. ಜತಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ. ಅಡಗಿ ಮಾಡೂ ಅಕ್ಕಗೋ ಅವ್ವಗೋ ಜ್ವರ ಬಂತಂದ್ರ ಆವತ್ತು ಊಟ ಹೆಂಗ ಅನ್ನೂದನ್ನ ಯಾರೂ ಲಿಸ್ಟ್‌ನ್ಯಾಗ ಬರಿಯಂಗಿಲ್ಲ. ಮಡಕಿ ಕಾಳು, ಹೆಸರು, ಅವಲಕ್ಕಿ, ಉಳ್ಳಾಗಡ್ಡಿ ಇದ್ರ ಕಾಯಿಪಲ್ಯೆ ಬರದ ದಿನಾನೂ ನಡೀತೈತಿ.

ಬಿಪಿ, ಶುಗರ್ ಗುಳಿಗಿ ಒಂದು ತಿಂಗಳದ್ದು ತಗೊಂಡು, ಚೀಟಿ ಮತ್ತ ಸ್ಟ್ರಿಪ್ಪಿಂದು ಫೋಟೋ ಮೊಬೈಲ್‌ನ್ಯಾಗ ಇಟ್ಕೋರಿ. ಥರ್ಮಾಮೀಟರ್, ಪ್ಯಾರಾಸಿಟಮಾಲ್, ವಾಂತಿ-ಭೇದಿ ಆದ್ರ ಕುಡಿಯಾಕ ಓಆರ್‌ಎಸ್ ಪಾಕೀಟು ಇರಲಿ. ಪಾಕೀಟ್ ಇಲ್ಲಂದ್ರ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಸಣ್ಣ ಚಮಚಾದ್ಲೆ ಆರು ಸಪಾಟ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಉಪ್ಪು ಜಾಸ್ತಿ ಆಗಬಾರ್ದು, ಉಳಿದಿದ್ದು ಮರುದಿನ ಚೆಲ್ರಿ. ಕೊರೋನಾದಂಥಾ ಉಸಿರಿನ ಜಡ್ಡು ಇದ್ರ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದಾಗಿನ ಆಕ್ಸಿಜನ್ ನೋಡೂದು) ಬೇಕು, ನೇಲ್ ಪಾಲಿಶ್ ತಗದು, ಕೈ ಬೆಚ್ಚಗ ಮಾಡ್ಕೊಂಡು, ಒಂದ್ ಸ್ವಲ್ಪ ಸುಮ್ನ ಕುಂತು ಆಮ್ಯಾಲೆ ನೋಡ್ರಿ. 94ರ ಕೆಳಗ ಹೊಂಟ್ರ ಕಷಾಯ ಕುದಿಸ್ಕೋತ ಕುಂದ್ರಬ್ಯಾಡ್ರಿ, ಡಾಕ್ಟ್ರಿಗೆ ಫೋನ್ ಮಾಡ್ರಿ, ದಮ್ಮು ಹತ್ತಿದ್ರ, ಎದಿ ನೋವು ಬಂದ್ರ, ಏನೇನರ ಮಾತಾಡಾಕ ಹತ್ತಿದ್ರ ನೇರ 108. ಸಣ್ಣ ಡೌಟ್ ಇದ್ರ ಸರಕಾರದ ಆರೋಗ್ಯ ಸಹಾಯವಾಣಿ 104ಕ್ಕ ಕೇಳಬಹುದು. ಆಂಟಿಬಯೋಟಿಕ್ ತಾವ ತಗೊಂಡು ನುಂಗೂದು ಬಿಡ್ರಿ.

ಜಡ್ಡಾದವ್ರಿಗೆ ಕಿಟಕಿ ಇರೂ ಖೋಲಿ ಕೊಡ್ರಿ. ನೋಡ್ಕೊಳ್ಳಾಕ ಒಬ್ರ ಇರಲಿ, ವಯಸ್ಸಾದವ್ರು ಬ್ಯಾಡ, ಇಬ್ರೂ ಮಾಸ್ಕ್ ಹಾಕ್ರಿ. ಸಂಡಾಸ ಒಂದ ಇದ್ರ ಜಡ್ಡಾದವ್ರು ಎಲ್ಲಾರಾದ ಮ್ಯಾಲೆ ಹೋಗಲಿ. ತೊಳಿಯೂಮುಂದ ಒಂದ್ ಮಾತು, ಬ್ಲೀಚಿಂಗ್ ಪೌಡರ್ ಮತ್ತ ಸಂಡಾಸ ತೊಳಿಯೂ ಆಸಿಡ್ ಎರಡೂ ಕೂಡ್ಸಿ ಹಾಕಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಎದ್ದು ಉಸಿರು ಕಟ್ಟತೈತಿ. ಸ್ಯಾನಿಟೈಸರ್ ಹಚ್ಕೊಂಡ ಕೈಲೆ ಒಲಿ ಹಚ್ಚಬ್ಯಾಡ್ರಿ, ಒಣಗಲಿ.

ಇನ್ನ ಓಣ್ಯಾಗ ಯಾರಿಗಾದ್ರೂ ಒಬ್ರಿಗೆ ಮೊದ್ಲ ಹೇಳಿಟ್ಟಿರ್ರಿ, ಹಾಲು ಕಾಯಿಪಲ್ಯೆ ಬಾಗಲಾ ಮುಂದ ಇಟ್ಟು ಹೋಗ್ತಾರ, ರೊಕ್ಕ ಫೋನ್‌ನ್ಯಾಗ ಹಾಕಿದ್ರ ಆತು, ಅವರ ಮನ್ಯಾಗ ಜಡ್ಡು ಬಿದ್ದಾಗ ನೀವು ಇಡೂದು.