ಮುಂದಿರುವ ವಿಮಾನ ಇನ್ನೂ ರನ್‌ವೇಯಲ್ಲಿದ್ದರೆ

ನಾನು ವಿಮಾನ ಹಾರಿಸಲು ಕಲಿತದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಅಲ್ಲಿರುವುದು ಒಂದೇ ರನ್‌ವೇ, ಉದ್ದ 2,443 ಅಡಿ. ಶನಿವಾರ ಬೆಳಿಗ್ಗೆ ಸಣ್ಣ ಸೆಸ್ನಾ ವಿಮಾನಗಳು ಇಳಿಯುವ ಅಭ್ಯಾಸಕ್ಕಾಗಿ ಒಂದರ ಹಿಂದೊಂದು ಸುತ್ತುತ್ತಿರುತ್ತವೆ. ಹೊಸದಾಗಿ ಕಲಿಯಲು ಬರುವ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಇದನ್ನೇ: ಮುಂದಿರುವವನು ರನ್‌ವೇ ಬಿಡುವ ಮೊದಲೇ ನಾನು ಇಳಿಯಬಹುದೇ?

ಅಮೆರಿಕದಲ್ಲಿ ಟವರ್ (ವಿಮಾನಗಳ ಓಡಾಟ ನಿಯಂತ್ರಿಸುವ ಗೋಪುರ) ಇರುವ ಕಡೆ, ಹಗಲಿನಲ್ಲಿ, ಎರಡೂ ಒಂಟಿ ಎಂಜಿನ್ನಿನ ಸಣ್ಣ ವಿಮಾನಗಳಾದರೆ, ಮುಂದಿನದು ಇಳಿದು ರನ್‌ವೇಯ ಆರಂಭದಿಂದ 3,000 ಅಡಿ ಆಚೆ ಹೋಗಿದ್ದರೆ ಸಾಕು. ಕ್ಯಾಲಿಫೋರ್ನಿಯಾದ್ದೇ ಆದ ಲಿವರ್‌ಮೋರ್‌ನ 5,253 ಅಡಿಯ ರನ್‌ವೇಯಲ್ಲಿ ಇದು ನಡೆಯುತ್ತದೆ. ಪಾಲೊ ಆಲ್ಟೊದಲ್ಲಿ ರನ್‌ವೇಯೇ ಅಷ್ಟು ಉದ್ದವಿಲ್ಲ. ಮುಂದಿನವನು ಹೊರಗೆ ಹೋಗಲೇಬೇಕು. ಅವನು ಇನ್ನೂ ಒಳಗಿರುವಾಗಲೇ ಟವರ್ ನಿಮಗೆ ಇಳಿಯಲು ಅನುಮತಿ ಕೊಟ್ಟಿರಬಹುದು. ಅಷ್ಟರೊಳಗೆ ಜಾಗ ತೆರವಾಗುತ್ತದೆ ಎಂಬ ಅಂದಾಜಿನ ಮೇಲೆ ಕೊಟ್ಟ ಅನುಮತಿ ಅದು. ನಿಮ್ಮ ಕಣ್ಣಿನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ಅಂತರವನ್ನು ಅಡಿಗಳಲ್ಲಿ ಅಳೆಯಬೇಡಿ, ಸೆಕೆಂಡುಗಳಲ್ಲಿ ಎಣಿಸಿ. ಗಾಳಿ ಇಲ್ಲದ ದಿನ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದ ಸೆಸ್ನಾ 172 ಸೆಕೆಂಡಿಗೆ ಸುಮಾರು 110 ಅಡಿ ಸಾಗುತ್ತದೆ. 200 ಅಡಿ ಎತ್ತರದಲ್ಲಿ ಫೈನಲ್‌ನಲ್ಲಿದ್ದರೆ, ಅಂದರೆ ರನ್‌ವೇಯ ನೇರಕ್ಕೆ ಇಳಿಯುವ ಕೊನೆಯ ಹಂತದಲ್ಲಿದ್ದರೆ, ನೆಲ ಮುಟ್ಟಲು ಉಳಿದಿರುವುದು ಮೂವತ್ತೈದು ಸೆಕೆಂಡು, ಅಷ್ಟೇ. ಒಂದು ಬೆಳಿಗ್ಗೆ ಬೇಲಿಯ ಬಳಿ ನಿಂತು, ಚಕ್ರ ನೆಲ ತಾಗಿದಾಗಿನಿಂದ ವಿಮಾನ ಪಕ್ಕದ ದಾರಿಗೆ ಹೊರಳುವವರೆಗೆ ಎಷ್ಟು ಹೊತ್ತು ಬೇಕೆಂದು ಹತ್ತು ವಿಮಾನಗಳಿಗೆ ಎಣಿಸಿ ನೋಡಿ. ಪುಸ್ತಕ ಕಲಿಸದ್ದನ್ನು ಅದು ಕಲಿಸುತ್ತದೆ.

ಮುಂದಿನವನು ಫೈನಲ್‌ನಲ್ಲಿ ನಿಮ್ಮ ರೆಕ್ಕೆಯ ನೇರಕ್ಕೆ ಬಂದು ಹಿಂದೆ ಸರಿದ ಮೇಲೆಯೇ ಬೇಸ್‌ಗೆ, ಅಂದರೆ ಫೈನಲ್‌ಗೆ ಮೊದಲಿನ ಅಡ್ಡ ದಾರಿಗೆ, ತಿರುಗಿ. ನಿಮ್ಮದು ವೇಗದ ವಿಮಾನವಾದರೆ ಇನ್ನೂ ಸ್ವಲ್ಪ ಕಾಯಿರಿ. ಅಂತರ ಕಡಿಮೆ ಎನಿಸಿದರೆ ಅದನ್ನು ಡೌನ್‌ವಿಂಡ್‌ನಲ್ಲೇ (ಬೇಸ್‌ಗೆ ಮೊದಲು ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ಎದುರಾಗಿ ಸಾಗುವ ದಾರಿ) ಸರಿಪಡಿಸಿ: ಬೇಗ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸಬಹುದಾದ ಹಲಗೆ) ಇಳಿಸಿ, ವೇಗ ತಗ್ಗಿಸಿ, ಟವರ್‌ಗೆ ತಿಳಿಸಿ ಡೌನ್‌ವಿಂಡ್ ಉದ್ದ ಮಾಡಿ. ಫೈನಲ್‌ಗೆ ಬಂದ ಮೇಲೆ ಮೂಗು ಎತ್ತಿ ಕಾಲ ಗಳಿಸಲು ಹೋಗಬೇಡಿ. ಒಮ್ಮೆ ನಾನು ಹಾಗೆ ಮಾಡಿದ್ದೆ. ಮುಂದಿನವನು ಈಗ ಹೊರಳುತ್ತಾನೆ, ಈಗ ಹೊರಳುತ್ತಾನೆ ಎಂದು ಕಾಯುತ್ತಿರುವಾಗ ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆಯ ಸದ್ದು ಕಿವಿಗೆ ಬಿತ್ತು. ಆ ದಿನದಿಂದ 200 ಅಡಿ ನನ್ನ ಗಡಿ: ಅಲ್ಲಿಗೆ ಬಂದಾಗ ಅವನು ಹೊರಳಲು ಶುರು ಮಾಡಿರದಿದ್ದರೆ ನಾನು ಮತ್ತೆ ಮೇಲೇರುತ್ತೇನೆ.

ಬೆನ್ನ ಹಿಂದಿನ ಅಂತರವೂ ನಿಮ್ಮದೇ. 2022ರ ಆಗಸ್ಟ್ 18ರಂದು, ಟವರ್ ಇಲ್ಲದ, ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಸೆಸ್ನಾ 152ರ ಹಿಂದೆ ಅವಳಿ ಎಂಜಿನ್ನಿನ ಸೆಸ್ನಾ 340 ಅತಿ ವೇಗವಾಗಿ ಬಂತು. 152ರ ಪೈಲಟ್ ಅದನ್ನು ಕಂಡು, ಮೇಲೇರುತ್ತಿರುವುದಾಗಿ ರೇಡಿಯೋದಲ್ಲಿ ಹೇಳಿದರೂ ಡಿಕ್ಕಿ ತಪ್ಪಲಿಲ್ಲ, ಮೂವರು ಸತ್ತರು. ಟವರ್ ಇಲ್ಲದ ಕಡೆ ಹಿಂದಿನವನು ಯಾವ ವಿಮಾನ, ಎಷ್ಟು ಮೈಲಿ ದೂರ ಎಂದು ಕೇಳಿ. ಉತ್ತರ ಹಿಡಿಸದಿದ್ದರೆ ಬೇಸ್‌ಗೆ ತಿರುಗದೆ ಅವನನ್ನು ಮುಂದೆ ಬಿಡಿ.

ಮೇಲೇರುವುದೆಂದು ನಿರ್ಧರಿಸಿದಿರಾದರೆ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿ) ಪೂರ್ತಿ ಒತ್ತಿ, ಫ್ಲ್ಯಾಪ್ 20 ಡಿಗ್ರಿಗೆ ತನ್ನಿ. ಸೆಸ್ನಾ 172ಎಸ್ ಮಾದರಿಯಲ್ಲಿ 60 ನಾಟ್ ಹಿಡಿಯಿರಿ. ಪಕ್ಕದಲ್ಲಿ ಮತ್ತೊಂದು ರನ್‌ವೇ ಇಲ್ಲದಿದ್ದರೆ ತುಸು ಬಲಕ್ಕೆ ಸರಿಯಿರಿ. ಕೆಳಗಿರುವ ವಿಮಾನ ನಿಮ್ಮ ಎಡ ಕಿಟಕಿಯಲ್ಲಿ ಕಾಣುತ್ತಿರಬೇಕು. ವಿಮಾನ ಏರತೊಡಗಿದ ಮೇಲೆ ಟವರ್‌ಗೆ ಹೇಳಿ.