ನಮ್ಮತ್ತ ಚಾಚಿದ ಕೈ ಬರೆಯುವಾಗ

ಭಾವಚಿತ್ರದಲ್ಲಿ ಮುಖ ಚೆನ್ನಾಗಿ ಬಂದು, ನೋಡುವವರತ್ತ ಚಾಚಿದ ಕೈ ಮಾತ್ರ ಮೊಂಡಾಗಿ ಕಾಣುತ್ತಿದ್ದರೆ ಹೀಗೆ ಮಾಡಿ ನೋಡಿ.

ಬೆರಳು ಉದ್ದ ಎಂದು ನಮಗೆ ಗೊತ್ತಿರುವುದೇ ತೊಡಕು. ನಮ್ಮತ್ತ ಚಾಚಿದಾಗ ಗಿಡ್ಡ ಕಂಡರೂ ಉದ್ದವಾಗಿಯೇ ಬರೆದುಬಿಡುತ್ತೇವೆ. ಅದಕ್ಕೇ ಮೊದಲು ಬೆರಳು ಬರೆಯಲೇಬೇಡಿ. ಇಡೀ ಕೈಯ ಹೊರ ಆಕಾರ, ಬೆರಳ ಸಂದಿನ ಖಾಲಿ ಜಾಗ, ಇಷ್ಟೇ ಬರೆಯಿರಿ. ಆಮೇಲೆ ತೋಳು ನೀಡಿ ಪೆನ್ಸಿಲ್ ಹಿಡಿದು, ಬೆರಳಿನ ಉದ್ದ ಅದರ ಅಗಲದ ಎಷ್ಟು ಪಟ್ಟು ಎಂದು ಅಳೆಯಿರಿ. ಎಷ್ಟೋ ಸಲ ಎರಡೂ ಸಮ ಇರುತ್ತವೆ! ಅಳತೆಯನ್ನೇ ನಂಬಿ.

ಈಗ ಬೆರಳಿನ ಮೂರು ತುಂಡುಗಳನ್ನು ಒಂದರ ಹಿಂದೊಂದು ಇಟ್ಟ ಬಳೆಗಳಂತೆ ಕೂರಿಸಿ. ಮುಂದಿನ ತುಂಡಿನ ಗೆರೆ ಹಿಂದಿನದನ್ನು ಮುಚ್ಚಬೇಕು. ಎರಡೂ ಗೆರೆ ಬೆಸೆದುಕೊಂಡರೆ ಆಳ ಹೋಯಿತು. ನನ್ನ ಮಟ್ಟಿಗೆ ಶೇಡಿಂಗ್‌ಗಿಂತ ಇದೇ ಮುಖ್ಯ. ಗೆಣ್ಣಿನ ಮಡಿಕೆಗಳು ದುಂಡಗೆ ಸುತ್ತಿ ಬರಲಿ. ಹತ್ತಿರದ ಬೆರಳತುದಿಗೆ ಚೂಪಾದ, ಗಾಢ ಅಂಚು. ಮಣಿಕಟ್ಟಿನತ್ತ ಹೋದಂತೆ ಮೆತ್ತಗೆ.

ಮೊಬೈಲ್ ಫೋಟೋ ನೋಡಿ ಬರೆಯುವವರು ಎಚ್ಚರ: ಹತ್ತಿರದಿಂದ ತೆಗೆದರೆ ಕೈ ಮುಖವನ್ನೇ ನುಂಗುವಷ್ಟು ಹಿಗ್ಗುತ್ತದೆ. ಎರಡು ಮೂರು ಮೀಟರ್ ಹಿಂದೆ ಸರಿದು ಜೂಮ್ ಮಾಡಿ.

ಅಭ್ಯಾಸಕ್ಕೆ ಇಟಲಿಯ ಚಿತ್ರಕಾರ ಕ್ಯಾರವಾಜಿಯೊ 1601ರಲ್ಲಿ ಬರೆದ ‘ಎಮ್ಮಾಸ್‌ನ ಊಟ’ ನೋಡಿ; ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಲಬದಿಯಲ್ಲಿ ಕೂತ ಯೇಸುವಿನ ಶಿಷ್ಯನ ಒಂದು ಕೈ ಚಿತ್ರದಿಂದ ಹೊರಬರುವಂತಿದೆ. ದೂರದ ಕೈಯನ್ನು ಕ್ಯಾರವಾಜಿಯೊ ಚಿಕ್ಕದು ಮಾಡಿಯೇ ಇಲ್ಲ, ಆದರೂ ಆಳ ಕಾಣುತ್ತದೆ. ಆ ತೋಳುಗಳನ್ನಷ್ಟೇ ಒಮ್ಮೆ ನಕಲು ಮಾಡಿ.